ತಲೆಕೆಳಗಾದ ದುರ್ಬೀನು ಮತ್ತು ನಾಲ್ಕನೇ ಚುಕ್ಕಿ

ಮಾರುವ ಮಾಲಿನ ಊನವನ್ನು ಕೇಳದವರ ಮುಂದೆ ಹೇಳಬಾರದು. ಕೇಳಿದವರ ಮುಂದೆ ಮುಚ್ಚಿಡಬಾರದು. ಎತ್ತಿನ ದಲ್ಲಾಳಿಯಾಗಿ ಹಿರೇಕೆರೂರು, ಹಾನಗಲ್ಲು, ಸವಣೂರು ಸಂತೆಗಳ ಧೂಳು ಕುಡಿದು ನಾನು ಕಲಿತ ಧರ್ಮ ಇದು. ಬೇಕಾದರೆ ಬರೆದಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ. ಆದರೆ ಇದೇ ಧರ್ಮ ಹಿಡಿದು ಹೋಗಿ ಒಮ್ಮೆ ಒಬ್ಬ ಮಾಸ್ತರರ ಆಕಾಶವನ್ನೇ ಹಾಳು ಮಾಡಿಬಿಡುತ್ತಿದ್ದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಶಿಗ್ಗಾವಿ ತಾಲೂಕಿನ ಹಳ್ಳಿ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಮುಂದಿನ ವಿದ್ಯೆಯನ್ನೆಲ್ಲ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತ ಓದಿದವನು. ಆ ವರ್ಷ ಹಾನಗಲ್ಲಿನಲ್ಲಿ ಕಾಲುವೆ ಅಳೆಯುವ ಗುತ್ತೇದಾರನೊಬ್ಬ ಕೆಲಸ ಮುಗಿಸಿ ಸಾಮಾನು ವಿಲೇವಾರಿ ಮಾಡುತ್ತಿದ್ದ. ನಾನು ಹೋದದ್ದು ಅವನ ಹಳೇ ಚಕ್ಕಡಿಗಾಗಿ. ಚಕ್ಕಡಿ ಕುದುರಿದ ಮೇಲೆ ಮೂಲೆಯಲ್ಲಿ ಬಿದ್ದಿದ್ದ ಹಿತ್ತಾಳೆಯ ದುರ್ಬೀನನ್ನು ಕೊಸರಿಗೆ ಕೇಳಿದೆ. ವ್ಯಾಪಾರ ಮುಗಿದ ಮೇಲೆ ಕೊಸರು ಕೇಳದವನು ದಲ್ಲಾಳಿಯೇ ಅಲ್ಲ.

"ತಗೊಂಡ ಹೋಗೋ ಯಪ್ಪಾ, ತಲಿ ತಿನಬ್ಯಾಡ," ಅಂದ ಗುತ್ತೇದಾರ.

ಅಷ್ಟು ಲಗು ಕೊಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು. ಮನೆಗೆ ತಂದು ಕಣ್ಣಿಗೆ ಹಚ್ಚಿದರೆ ನಮ್ಮ ಬೇವಿನ ಮರ ಬೇರು ಮೇಲೆ ಮಾಡಿ ಜೋತಾಡುತ್ತಿತ್ತು. ಬಾವಿಯಿಂದ ಬರುತ್ತಿದ್ದ ನಮ್ಮವ್ವ ಆಕಾಶಕ್ಕೆ ಪಾದ ಊರಿ, ತಲೆ ಕೆಳಗೆ ಮಾಡಿ, ಕೊಡ ಹೊತ್ತುಕೊಂಡು ನಡೆಯುತ್ತಿದ್ದಳು. ಆದರೂ ಒಂದು ಹನಿ ನೀರು ಚೆಲ್ಲುತ್ತಿರಲಿಲ್ಲ. ಆಹಾ, ಗುತ್ತೇದಾರ ಕೆಟ್ಟ ಮಾಲು ದಾಟಿಸಿದನಲ್ಲ ಅಂತ ಹಲ್ಲು ಕಡಿದೆ. ಇನ್ನು ಅದನ್ನು ಮುಂದಕ್ಕೆ ದಾಟಿಸುವುದು ನನ್ನ ಪಾಳಿ.

ಸವಣೂರಿನ ಸಂತೆಯಲ್ಲಿ ನಾಲ್ಕು ಮಂದಿಯ ಕಿವಿಗೆ ಹಾಕಿದೆ. ಮೂರನೇ ದಿನಕ್ಕೆ ಮಠದ ಓಣಿಯಿಂದ ಲೆಕ್ಕದ ಮಾಸ್ತರರು ಹೇಳಿಕಳಿಸಿದರು. ಅವರ ಹೊಲ ಮಾಡುವ ರೈತನಿಗೆ ಎತ್ತು ಕೊಡಿಸಿದವನು ನಾನೇ, ಹಾಗಾಗಿ ಗುರುತಿತ್ತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ, ವಿಜ್ಞಾನ ಕಲಿಸಿ ನಿವೃತ್ತಿಗೆ ಬಂದಿದ್ದರು. ಸೀದಾ ಮನುಷ್ಯ. ಎತ್ತಿನ ವ್ಯಾಪಾರದ ದಿನ ನಾನು ಹೇಳಿದ ದರಕ್ಕೆ "ಬಹಳಾತೇನೋ?" ಅಂತ ನನ್ನನ್ನೇ ಕೇಳಿದ್ದರು. ಅಂಥ ಗಿರಾಕಿ ಸಿಕ್ಕರೆ ದೇವರಿಗೆ ಕಾಯಿ ಒಡೆಯಬೇಕು.

ಅವರಿಗೆ ದುರ್ಬೀನು ತೋರಿಸಲು ನಾನು ಹುಣ್ಣಿಮೆಯ ಸಂಜೆ ಆರಿಸಿದೆ. ಕಾರಣ ಹೇಳುತ್ತೇನೆ. ಎಡಗಾಲು ಕುಂಟುವ ಎತ್ತನ್ನು ಬಲಗಡೆಯಿಂದ ತೋರಿಸಬೇಕು. ತಲೆಕೆಳಗೆ ತೋರಿಸುವ ದುರ್ಬೀನಿನಲ್ಲಿ ತಲೆಯೂ ಕಾಲೂ ಇಲ್ಲದ ವಸ್ತುವನ್ನು ತೋರಿಸಬೇಕು. ಹುಣ್ಣಿಮೆ ಚಂದ್ರನಿಗಿಂತ ಒಳ್ಳೆಯದು ಯಾವುದಿದೆ?

ನಮ್ಮಂಥವರು ಅವರ ಪಡಸಾಲೆಗೆ ಹೋಗುವ ರೂಢಿ ಆಗಿನ್ನೂ ಇರಲಿಲ್ಲ. ಹೊರಗಿನ ಕಲ್ಲಿನ ಮೆಟ್ಟಿಲು ಹತ್ತಿ ಮೇಲಿನ ಬಯಲು ಮಾಳಿಗೆಗೆ ಹೋದೆ. ಮಾಸ್ತರರು ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು. "ಬೆಣ್ಣಿ ಉಂಡಿ ಕಂಡಂಗ ಕಾಣ್ತದ," ಅಂದರು. ಆಮೇಲೆ ಕೊಳವೆಯ ಎರಡೂ ತುದಿಯ ಗಾಜನ್ನು ಬೆರಳಿನಿಂದ ಸವರಿ "ಹೂಂ" ಅಂದರು. ಅವರು ಏನೂ ಕೇಳಲಿಲ್ಲ. ನಾನು ಏನೂ ಹೇಳಲಿಲ್ಲ.

"ಇದರಾಗ ಏನ್ ನೋಡ್ತೀರಿ ಮಾಸ್ತರ್ರ?" ಅಂದೆ, ಮಾತು ಚಂದ್ರನಿಂದ ಆಚೆ ಹೋಗಲಿ ಅಂತ.

ಆಗ ಅವರು ಹೇಳಿದ ಸಂಗತಿ ಇದು. ಮಂಗಳ ಮತ್ತು ಗುರುವಿನ ನಡುವೆ ಸಾವಿರಾರು ಸಣ್ಣ ಸಣ್ಣ ಗ್ರಹಗಳು ಸೂರ್ಯನ ಸುತ್ತ ತಿರುಗುತ್ತವಂತೆ; ಕ್ಷುದ್ರಗ್ರಹ ಅಂತ ಅವಕ್ಕೆ ಹೆಸರು. ಅವುಗಳಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಹೊಳೆಯುವುದು ವೆಸ್ಟಾ. ಮೂವತ್ತು ವರ್ಷ ಅವರು ಅದನ್ನು ಪಾಠ ಮಾಡಿದ್ದರು. ಹೋದ ತಿಂಗಳು ತರಗತಿಯಲ್ಲಿ ಒಬ್ಬಳು ಹುಡುಗಿ ಎದ್ದು ನಿಂತು, "ನೀವು ನೋಡೀರೇನ್ರಿ ಸರ?" ಅಂತ ಕೇಳಿದಳು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ "ಇಲ್ಲವ್ವಾ" ಅಂದುಬಿಟ್ಟರು. ಹಿಂದಿನ ಬೆಂಚಿನವರು ಕಿಸಕ್ಕಂತ ನಕ್ಕರು.

"ನಕ್ಕದ್ದಕ್ಕ ಸಿಟ್ಟಿಲ್ಲಪಾ," ಅಂದರು ಮಾಸ್ತರರು. "ಆದ್ರ ಎರಡೂ ಕಣ್ಣಿಗೆ ಪೊರಿ ಬಂದದ. ಶಿವರಾತ್ರಿ ಮುಗಿದ ಮ್ಯಾಲ ಹುಬ್ಬಳ್ಳಿಯೊಳಗ ಆಪರೇಷನ್. ಸರಿ ಆದ್ರ ಆತು, ಆಗಲಿಲ್ಲಂದ್ರ ಇಲ್ಲ. ಅಷ್ಟರೊಳಗ ಒಂದ್ಸಲ ಅದು ಅದ ಅಂತ ನನಗ ಖಾತ್ರಿ ಆಗಬೇಕು. ಪುಸ್ತಕದ ಖಾತ್ರಿ ಸಾಕಾಗೇದ."

ಗಿರಾಕಿಯ ಕಣ್ಣಲ್ಲಿ ಇಷ್ಟು ಆಸೆ ಕಂಡರೆ ದಲ್ಲಾಳಿ ನಾಲಿಗೆ ಕಚ್ಚಿಕೊಳ್ಳಬೇಕು. ನಾನು ಕಚ್ಚಿಕೊಳ್ಳಲಿಲ್ಲ. "ಕಾಣಲಿಲ್ಲಂದ್ರ ಮಾಲು ವಾಪಸ್, ಮಾತ ಮಾತು," ಅಂದುಬಿಟ್ಟೆ.

ವ್ಯಾಪಾರ ಕುದುರಿತು, ದುರ್ಬೀನು ಅವರಲ್ಲೇ ಉಳಿಯಿತು. ಹತ್ತು ದಿನಕ್ಕೆ ಕರೆ ಬಂತು: ಮಾಲಿನ ಬಗ್ಗೆ ಮಾತಾಡುವುದಿದೆ. ಊನ ಸಿಕ್ಕಿತು ಅಂದುಕೊಂಡು ದಾರಿಯುದ್ದಕ್ಕೂ ಹತ್ತು ನಮೂನಿ ಜವಾಬು ಜೋಡಿಸುತ್ತ ಹೋದೆ. ಮಾಸ್ತರರು ಮಾಳಿಗೆಯ ಮೇಲೆ ದುರ್ಬೀನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ದುರ್ಬೀನು ಸರಿ ಅದ," ಅಂದರು. "ನನ್ನ ಕಣ್ಣೇ ಸರಿ ಇಲ್ಲ. ಚಂದ್ರ ಕಂಡ, ಸಣ್ಣ ಚುಕ್ಕಿ ಒಂದೂ ಕಾಣವಲ್ಲದು. ನಿನ್ನ ಕಣ್ಣು ಹೆಂಗವ?"

ನನ್ನ ಕಣ್ಣು! ಸಂತೆಯ ಆ ತುದಿಯಲ್ಲಿ ನಿಂತ ಎತ್ತು ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಅಂತ ಈ ತುದಿಯಿಂದ, ಅದು ಬಾಯಿ ತೆರೆಯುವ ಮೊದಲೇ, ನಿಲುವು ನೋಡಿ ಹೇಳುತ್ತಿದ್ದೆ. ಮಾಲು ವಾಪಸ್ ಬಂದರೆ ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ಹುಡುಕಿಕೊಡುವುದೇ ಲಾಭ ಅಂತ ಲೆಕ್ಕ ಹಾಕಿ ಒಪ್ಪಿದೆ.

ಅಮಾವಾಸ್ಯೆ ಹತ್ತಿರವಿತ್ತು, ಚಂದ್ರನ ಕಾಟ ಇರಲಿಲ್ಲ. ಕತ್ತಲಾದರೆ ಸಾಕು, ಮೂಡಲಲ್ಲಿ ಸಿಂಹ ರಾಶಿಯ ಮಘಾ ನಕ್ಷತ್ರ ಏರಿರುತ್ತಿತ್ತು. ಅದರ ಮೇಲೆ ಕುಡಗೋಲಿನ ಹಂಗೆ ಬಾಗಿದ ಒಂದು ಸಾಲು ಚುಕ್ಕಿ. ವೆಸ್ಟಾ ಆಗ ಆ ಕುಡಗೋಲಿನ ಹೊಟ್ಟೆಯೊಳಗೆ ಇದೆ ಅಂತ ಮಾಸ್ತರರ ಲೆಕ್ಕ. ಪುಣೆಯ ಪರಿಚಿತರೊಬ್ಬರಿಂದ ಸ್ಥಾನಗಳ ಪಟ್ಟಿ ತರಿಸಿದ್ದರು. ಅವರ ಮನೆಯವರು ಅಂಕಿ ಓದಿ ಹೇಳಿದ್ದರು, ಇವರು ಭೂತಗನ್ನಡಿ ಹಿಡಿದು ದೊಡ್ಡ ಹಾಳೆಯ ಮೇಲೆ ನಕಾಶೆ ಬರೆದಿದ್ದರು.

ಅವರ ಮನೆಯವರನ್ನು ನಾನು ಅವ್ವಾರು ಅಂತ ಕರೆಯುತ್ತಿದ್ದೆ. ಗಂಡನ ಇಡೀ ಸೀದಾತನಕ್ಕೆ ಬೇಕಾದಷ್ಟು ಖಾರ ಅವರ ನಾಲಿಗೆಯಲ್ಲಿತ್ತು.

ದುರ್ಬೀನಿಗೆ ಕಾಲು ಇರಲಿಲ್ಲ. ಅವ್ವಾರ ಅಡಿಗೆಮನೆಯ ಅಟ್ಟದ ಏಣಿಯನ್ನು ಮಾಳಿಗೆಗೆ ತಂದು ಗೋಡೆಗೆ ವಾಲಿಸಿ, ಅದರ ಕೆಳಗಿನ ಮೆಟ್ಟಿಲಿಗೆ ಎತ್ತಿನ ಮೂಗುದಾರದಿಂದ ದುರ್ಬೀನು ಬಿಗಿದೆ. ಮೊಣಕಾಲೂರಿ ಕೆಳಗಿಂದ ನೋಡಬೇಕು. ನೋಡಿದೆ. ರಾಮ ರಾಮ! ಬರಿಗಣ್ಣಿಗೆ ಕರ್ರಗೆ ಕಂಡ ಜಾಗದಲ್ಲಿ ಹತ್ತೆಂಟು ಚುಕ್ಕಿ ತುಂಬಿ ನಿಂತಿದ್ದವು. ನಾನು ಇನ್ನೂ ಬೆರಗಾಗುತ್ತಿರುವಾಗಲೇ ಅವೆಲ್ಲ ಮೆಲ್ಲಗೆ ಸರಿದು ಹೊರಗೆ ಹೋಗತೊಡಗಿದವು.

"ಮಾಸ್ತರ್ರ, ಏಣಿ ಜಾರಾಕತ್ತೈತಿ, ಹಿಡೀರಿ!"

"ಏಣಿ ಅಲ್ಲೋ. ಭೂಮಿ ತಿರುಗಲಿಕ್ಕತ್ತದ."

"ಭೂಮಿ ಹಿಡೀಲಿಕ್ಕೆ ನನ್ನ ಕರೀಬ್ಯಾಡ್ರಿ," ಅಂದರು ಅವ್ವಾರು. "ನಾ ಒಲಿ ಮ್ಯಾಲ ಹಾಲಿಟ್ಟು ಬಂದೀನಿ."

ಎರಡು ಮೂರು ನಿಮಿಷಕ್ಕೊಮ್ಮೆ ಏಣಿಯ ಬುಡಕ್ಕೆ ಇಟ್ಟಂಗಿ ಒದ್ದು ಸರಿಸುತ್ತ ಕಂಡದ್ದನ್ನೆಲ್ಲ ಗುರುತು ಹಾಕಬೇಕಾಗಿತ್ತು. ಯಾಕಂದರೆ ಕ್ಷುದ್ರಗ್ರಹಕ್ಕೆ ಕೋಡೂ ಇಲ್ಲ, ಬಾಲವೂ ಇಲ್ಲ. ನೋಡಲು ಥೇಟ್ ಚುಕ್ಕಿಯೇ. ಒಂದೇ ಒಂದು ಗುರುತು: ಉಳಿದವು ಗೂಟಕ್ಕೆ ಕಟ್ಟಿದ ಹಂಗೆ ಇದ್ದಲ್ಲೇ ಇರುತ್ತವೆ, ಇದು ದಿನಕ್ಕೆ ಒಂದಿಷ್ಟು ಜಾಗ ಬಿಟ್ಟು ಸರಿಯುತ್ತದೆ. ಇದು ನನಗೆ ತಕ್ಷಣ ತಿಳಿಯಿತು. ಹತ್ತು ಎತ್ತಿನ ಸಾಲಿನಲ್ಲಿ ಒಂದನ್ನು ರಾತ್ರೋರಾತ್ರಿ ಬದಲಿ ಮಾಡಿದವರನ್ನು ನಾನು ಹಿಡಿದವನು.

ಚಿತ್ರ ಬರೆಯಲು ಬಾರದು. ಅದಕ್ಕೆ ನನ್ನ ಕರೇ ಕಂಬಳಿ ಹಾಸಿ ಅದರ ಮೇಲೆ ಜೋಳದ ಕಾಳು ಜೋಡಿಸಿದೆ, ಚುಕ್ಕಿಗೊಂದು ಕಾಳು. ಬೆಳಗ್ಗೆ ಮಾಸ್ತರರು ಬಿಸಿಲಿನಲ್ಲಿ ನೋಡೋಣ ಅಂತ ಮೇಲೆ ಬರುವಷ್ಟರಲ್ಲಿ ಗುಬ್ಬಿಗಳು ಸಿಂಹ ರಾಶಿಯನ್ನು ಪೂರ್ತಿ ತಿಂದು ಮುಗಿಸಿದ್ದವು. ಮರುದಿನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಿಂದ ಕಂಬಳಿಯ ಮೇಲೇ ಚುಕ್ಕಿ ಇಟ್ಟೆ. ಸುಣ್ಣವನ್ನು ಗುಬ್ಬಿ ತಿನ್ನುವುದಿಲ್ಲ. ಅದರ ಮರುದಿನ ಪಕ್ಕದಲ್ಲೇ ಇನ್ನೊಂದು ಸಾಲು.

ಮಾಸ್ತರರು ತಮ್ಮ ನಕಾಶೆಯನ್ನು ಕಂಬಳಿಯ ಬದಿಗೆ ಹಿಡಿದು, ಭೂತಗನ್ನಡಿ ಮೂಗಿಗೆ ತಾಗಿಸಿ ಒಂದು ತಾಸು ಕೂತರು. ಒಂದೂ ತಾಳೆಯಾಗಲಿಲ್ಲ. ನಕಾಶೆಯಲ್ಲಿ ಮೂರು ಚುಕ್ಕಿಯ ತ್ರಿಕೋಣ ಕೆಳಗಿತ್ತು, ನನ್ನ ಕಂಬಳಿಯಲ್ಲಿ ಮೇಲಿತ್ತು. ಅಲ್ಲಿ ಎಡಕ್ಕೆ ಜೋಡಿ ಚುಕ್ಕಿ, ಇಲ್ಲಿ ಬಲಕ್ಕೆ.

"ಸರಿಯಾಗಿ ಇಟ್ಟೀ ಏನೋ?"

"ದೇವರಾಣಿ ಮಾಸ್ತರ್ರ."

ಈ ಆಣೆಯ ಒಳಗುಟ್ಟು ಈಗ ಹೇಳಬೇಕು. ದುರ್ಬೀನು ತಲೆಕೆಳಗೆ ತೋರಿಸುತ್ತದೆ ಅನ್ನುವುದು ಅವರಿಗೆ ಗೊತ್ತಾಗಬಾರದು ಅಂತ, ನಾನು ಕಂಡದ್ದನ್ನು ಮನಸ್ಸಿನಲ್ಲೇ ಮಗುಚಿ ಇಡುತ್ತಿದ್ದೆ. ಕೆಳಗೆ ಕಂಡದ್ದು ಮೇಲೆ, ಎಡಕ್ಕೆ ಕಂಡದ್ದು ಬಲಕ್ಕೆ. ಮಾಲಿನ ಊನ ನಾನೇ ಸರಿಪಡಿಸಿ ಕೊಡುತ್ತಿದ್ದೇನೆ, ಇದರಲ್ಲಿ ಪಾಪ ಏನು ಬಂತು?

"ಇಬ್ಬರೂ ಕೂಡೇ ಹುಬ್ಬಳ್ಳಿಗೆ ಹೋಗ್ರಿ," ಅಂದರು ಅವ್ವಾರು ಚಹಾ ತಂದು ಮಾಳಿಗೆಯ ಕುಂಬಿಗೋಡೆಯ ಮೇಲಿಡುತ್ತ. "ಎರಡು ಜೋಡಿ ಕಣ್ಣಿಗೆ ಡಾಕ್ಟರು ಫೀಸಿನಾಗ ಏನರೆ ಸೂಟು ಕೊಟ್ಟಾರು."

ನಾಲ್ಕನೇ ದಿನ ಹಿರೇಕೆರೂರು ಸಂತೆ ಮುಗಿಸಿ, ಕತ್ತಲಾಗುವಷ್ಟರಲ್ಲಿ ಬಸ್ಸಿನಿಂದ ಇಳಿದು ನೇರ ಮಾಳಿಗೆಗೆ ಬಂದೆ. ಏಣಿ ನೆಲಕ್ಕೆ ಮಲಗಿತ್ತು. ಮಾಸ್ತರರು ನಕಾಶೆಯನ್ನು ಸುರುಳಿ ಸುತ್ತಿ ದಾರ ಕಟ್ಟುತ್ತಿದ್ದರು. ಮೂರು ದಿನ ಬಿಟ್ಟರೆ ಹುಬ್ಬಳ್ಳಿಯ ಬಸ್ಸು.

"ಸಾಕು ಬಿಡಪಾ," ಅಂದರು. "ದುರ್ಬೀನಿನ ತಪ್ಪಲ್ಲ, ನಿನ್ನ ತಪ್ಪೂ ಅಲ್ಲ. ನನ್ನ ಲೆಕ್ಕ ತಪ್ಪೇದ. ಮೂವತ್ತು ವರ್ಷ ಹುಡುಗರಿಗೆ ಏನು ಕಲಿಸಿದೆನೋ ಏನೋ. ಅವು ನಕ್ಕದ್ದು ಖರೇನ ಅದ."

ನಾನು ಬಹಳ ವ್ಯಾಪಾರ ನೋಡಿದ್ದೇನೆ. ಮಾಲು ಕೆಟ್ಟರೆ ಗಿರಾಕಿ ದಲ್ಲಾಳಿಯನ್ನು ಬೈಯುತ್ತಾನೆ, ದಲ್ಲಾಳಿ ಎತ್ತನ್ನು ಬೈಯುತ್ತಾನೆ. ತನ್ನನ್ನೇ ಬೈದುಕೊಳ್ಳುವ ಗಿರಾಕಿಯನ್ನು ಎಲ್ಲೂ ನೋಡಿರಲಿಲ್ಲ. ಇಂಥವರ ಎದುರು ಯಾವ ಯುಕ್ತಿಯೂ ನಡೆಯುವುದಿಲ್ಲ. ನಾನು ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದೆ.

"ಮಾಸ್ತರ್ರ, ಚಪ್ಲಿಲೆ ಹೊಡೀರಿ ಬೇಕಾರ. ನಿಮ್ಮ ಲೆಕ್ಕ ತಪ್ಪಿಲ್ಲ. ನಾ ಕೊಟ್ಟ ಮಾಲು ಕೆಟ್ಟದ್ದು. ಅದು ಎಲ್ಲಾ ತಲಿಕೆಳಗ ತೋರಸ್ತೈತಿ. ಹುಣ್ಣವಿ ದಿನಾ ಬೇಕಂತನ ಚಂದ್ರನ್ನ ತೋರಿಸಿದ್ನಿ. ನಿಮಗ ಗೊತ್ತಾಗಬಾರ್ದಂತ ಮೂರ ದಿನಾನೂ ಚುಕ್ಕಿ ತಿರುವಿ ಇಟ್ಟೇನಿ."

ಮಾಸ್ತರರು ದಾರ ಕೈಬಿಟ್ಟರು. ಸುರುಳಿ ಪಟ್ಟನೆ ಬಿಚ್ಚಿಕೊಂಡಿತು. ಬೈಯುತ್ತಾರೆ ಅಂತ ನಾನು ಕಾದೆ. ಅವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ಅವ್ವಾರು ನೀರಿನ ತಂಬಿಗೆ ಹಿಡಿದು ಓಡಿಬಂದರು.

"ಹುಚ್ಚಪ್ಪಾ! ಆಕಾಶ ನೋಡೋ ದುರ್ಬೀನು ಎಲ್ಲಾ ತಲಿಕೆಳಗೇ ತೋರಿಸ್ತಾವ. ಅದು ಊನ ಅಲ್ಲ, ಅದರ ಜಾತೀನ ಹಂಗ. ಎರಡೂ ಗಾಜು ಉಬ್ಬಿದ್ದನ್ನ ಮುಟ್ಟಿದ ಕೂಡಲೆ ನನಗ ಗೊತ್ತಾತು. ನಕಾಶಿನೂ ನಾ ತಲಿಕೆಳಗೇ ಬರದೀನಿ."

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

ಮಾಸ್ತರರು ಕಣ್ಣೊರೆಸಿಕೊಂಡು, ಕಳ್ಳ ಬೆಕ್ಕಿನ ಮುಖ ಮಾಡಿ, "ಇದು ಒಳ್ಳೆ ಮಾಲು ಅಂತ ನಿನಗ ಗೊತ್ತಾದ್ರ ನೀ ರೇಟು ಏರಸ್ತಿದ್ದೀ," ಅಂದರು.

ಇಪ್ಪತ್ತು ವರ್ಷದ ದಲ್ಲಾಳಿಕೆಯಲ್ಲಿ ನನ್ನನ್ನು ಇಷ್ಟು ನಾಜೂಕಾಗಿ ಯಾರೂ ಬೋಳಿಸಿರಲಿಲ್ಲ. ಸೀದಾ ಗಿರಾಕಿ ಅಂತ ಯಾರನ್ನೂ ತಿಳಿಯಬೇಡಿ. ಇದು ನನ್ನ ಎರಡನೇ ಉಪದೇಶ.

ಒಬ್ಬ ತಿರುವಿ ಬರೆದಿದ್ದಾನೆ, ಇನ್ನೊಬ್ಬ ತಿರುವಿ ಇಟ್ಟಿದ್ದಾನೆ, ಇಬ್ಬರೂ ವ್ಯಾಪಾರದ ಗುಟ್ಟು ಕಾಯ್ದುಕೊಂಡು ಮೂರು ದಿನ ಕಳೆದಿದ್ದರು. ಅವ್ವಾರು ಬಗ್ಗಿ ಕಂಬಳಿಯ ಎರಡು ಚುಂಗು ಹಿಡಿದು, ಹಾಸಿದಲ್ಲೇ ಗರ್ರನೆ ಅರ್ಧ ಸುತ್ತು ತಿರುಗಿಸಿದರು. ತ್ರಿಕೋಣ ಕೆಳಗೆ ಬಂತು. ಜೋಡಿ ಚುಕ್ಕಿ ಎಡಕ್ಕೆ ಬಂತು. ಕಂದೀಲಿನ ಬೆಳಕಿನಲ್ಲಿ ನಕಾಶೆ ಮತ್ತು ಕಂಬಳಿ ಅವಳಿ ಕರುಗಳ ಹಂಗೆ ಕಂಡವು.

ಅವಸರದಿಂದ ಏಣಿ ಎತ್ತಿ ನಿಲ್ಲಿಸಿದೆ. ಆ ಸಂಜೆ ಕಂಡದ್ದನ್ನು ಕಂಡ ಹಂಗೆಯೇ, ಮೂರನೇ ಸಾಲಾಗಿ, ಸುಣ್ಣದಲ್ಲಿ ಇಟ್ಟೆ. ಒಟ್ಟು ಒಂಬತ್ತು ಚುಕ್ಕಿ. ಮೂರೂ ಸಾಲು ಒಂದರ ಪಕ್ಕ ಒಂದು ನೋಡಿದರೆ ಎಂಟು ಚುಕ್ಕಿ ಗೂಟದಲ್ಲೇ ಇದ್ದವು. ಒಂದು ಮಾತ್ರ ಹಗ್ಗ ಬಿಚ್ಚಿಕೊಂಡಿತ್ತು. ಹೇಳಲು ಬಾಯಿ ತೆರೆದೆ.

"ಹೇಳಬ್ಯಾಡ!" ಅಂತ ಚೀರಿದರು ಮಾಸ್ತರರು. "ನೀ ಅಂದ್ರ ನನ್ನ ಮನಸ್ಸು ಆ ಕಡೆ ವಾಲ್ತದ. ನನಗ ಸಮಾಧಾನ ಮಾಡಲಿಕ್ಕೆ ಹೇಳಿದಿ ಅಂತ ನಾಳೆ ಅನಸ್ತದ. ಮೊದಲು ನನ್ನ ಲೆಕ್ಕ."

ಒಂಬತ್ತು ಚುಕ್ಕಿಗೂ ಎಡದಿಂದ ನಂಬರು ಹಾಕಿದೆವು. ಅವರು ಭೂತಗನ್ನಡಿಯಲ್ಲಿ ಪಟ್ಟಿ ನೋಡಿ, ಕೂಡಿ ಕಳೆದು, ವೆಸ್ಟಾ ಯಾವ ನಂಬರಿನ ಜಾಗದಲ್ಲಿರಬೇಕು ಅಂತ ಒಂದು ಚೀಟಿಯಲ್ಲಿ ಬರೆದು ಮಡಚಿ ಅವ್ವಾರ ಕೈಗೆ ಕೊಟ್ಟರು. ಅವ್ವಾರು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಈಗ ನಿಂದು. ಬಾಯಿಲೆ ಬ್ಯಾಡ, ಬರದು ಕೊಡು."

"ಬರಿಯೂದ್ಯಾಕ್ರಿ? ಇಂಥದಕ್ಕಂತನ ನಮ್ಮ ಸಂತ್ಯಾಗ ಒಂದು ರೀತಿ ಐತಿ," ಅಂದೆ.

ಎತ್ತಿನ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಸುತ್ತ ನಿಂತವರಿಗೆ ಕೇಳಬಾರದು ನೋಡಿ. ಒಂದು ಟವೆಲ್ ಹಾಸಿ ಅದರ ಕೆಳಗೆ ಇಬ್ಬರೂ ಕೈ ಸೇರಿಸುತ್ತಾರೆ. ಎಷ್ಟು ಬೆರಳು ಹಿಡಿದು ಒತ್ತಿದರೋ ಅಷ್ಟು ದರ. ಬಾಯಿ ಸುಳ್ಳು ಹೇಳಬಹುದು, ಟವೆಲಿನ ಕೆಳಗೆ ಬೆರಳು ಸುಳ್ಳು ಹೇಳುವುದಿಲ್ಲ. ಹೇಳಿದವನು ಮರುವಾರ ಸಂತೆಗೆ ಬರಲಾರ.

ನನ್ನ ಹೆಗಲ ಮೇಲಿನ ಟವೆಲ್ ಝಾಡಿಸಿ ಹಾಸಿದೆ. ಹಾಸಿದ ಮೇಲೆ ನೆನಪಾಯಿತು, ಇದು ಸಂತೆಯಲ್ಲ. ಮಠದ ಓಣಿಯ ಮಾಳಿಗೆ. ಈ ಮನೆಯಲ್ಲಿ ಚಹಾದ ಲೋಟ ನನಗೆ ಕುಂಬಿಯ ಮೇಲಿಂದ ಬರುತ್ತದೆ. ಕೈ ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿದ್ದೆ. ಅಷ್ಟರಲ್ಲಿ ಮಾಸ್ತರರ ಕೈ ಟವೆಲಿನ ಕೆಳಗೆ ತಡಕಾಡುತ್ತ ಬಂದು ನನ್ನ ಕೈ ಹಿಡಿಯಿತು.

"ಲಗು ಹೇಳೋ. ಜೀವ ತಿನಬ್ಯಾಡ."

ಅವ್ವಾರು ನೋಡಿದರು. "ಎತ್ತು ಮಾರಲಿಕ್ಕತ್ತೀರೋ ನಕ್ಷತ್ರ ಮಾರಲಿಕ್ಕತ್ತೀರೋ?" ಅಂದರು.

ನಾನು ಹೆಬ್ಬೆರಳು ಬಿಟ್ಟು ಉಳಿದ ಅಷ್ಟೂ ಬೆರಳು ಹಿಡಿದು ಒತ್ತಿದೆ. ನಾಲ್ಕು.

ಮಾಸ್ತರರು ತಾವೇ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದರು, ಮಗ್ಗಿಯ ಮೊದಲ ದಿನದ ಹುಡುಗನ ಹಂಗೆ. ಅವ್ವಾರು ಸೆರಗಿನ ಗಂಟು ಬಿಚ್ಚಿ, ಚೀಟಿಯನ್ನು ಕಂದೀಲಿಗೆ ಹಿಡಿದು ಬೇಕೆಂತಲೇ ತಡ ಮಾಡಿದರು.

"ನಾಲ್ಕು," ಅಂದರು. ಅವರ ದನಿಯಲ್ಲಿ ಖಾರ ಇರಲಿಲ್ಲ. ಆ ಸಂಜೆಯ ಚಹಾ ನೇರ ನನ್ನ ಕೈಗೆ ಬಂತು.

ಮರುದಿನ ಮಾಸ್ತರರು ಶಾಲೆಗೆ ಹೋಗಿ ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, "ನೋಡಿಲ್ಲವ್ವಾ, ಆದ್ರ ಮುಟ್ಟೀನಿ," ಅಂದರಂತೆ. ಹಿಂದಿನ ಬೆಂಚು ಈ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಅವರೂ ಕೂಡಿ ನಕ್ಕರಂತೆ.

ಆಪರೇಷನ್ ಆಯಿತು. ಸೋಡಾ ಬಾಟ್ಲಿಯ ತಳದಂಥ ಕನ್ನಡಕ ಬಂತು. ವೆಸ್ಟಾ ಮುಂದಿನ ಸಲ ಹತ್ತಿರ ಬಂದದ್ದು ಮಳೆಗಾಲದಲ್ಲಿ. ಮೋಡ ಬಿಟ್ಟು ಮತ್ತೇನೂ ಕಾಣಲಿಲ್ಲ. ಅದರ ಮುಂದಿನ ಸಲ ಚಳಿಗಾಲ. ಅಷ್ಟೊತ್ತಿಗೆ ಅವರು ನಿವೃತ್ತರಾಗಿದ್ದರು. ಈ ಬಾರಿ ಅದು ವೃಷಭ ರಾಶಿಯಲ್ಲಿ ಗೂಳಿಯ ಎರಡು ಕೋಡಿನ ನಡುವೆ ನಿಂತಿತ್ತು. ನನ್ನ ಸಂತೆಗೇ ಬಂದ ಹಂಗೆ. ಎರಡು ಸಂಜೆ ಸಾಕಾದವು. ಮೂರನೇ ಸಂಜೆ ಮಾಸ್ತರರು ಏಣಿಯ ಬುಡದಲ್ಲಿ ಮೊಣಕಾಲೂರಿ, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ಇದೇನೋ?"

"ಹೌದ್ರಿ."

ಕನ್ನಡಕದ ಗಾಜು ಒರೆಸಿ ಮತ್ತೊಮ್ಮೆ ಬಗ್ಗಿ ನೋಡಿದರು. "ನೀ ಹೇಳಿದಷ್ಟು ದೊಡ್ಡದಿಲ್ಲಲ್ಲೋ!"

"ಮಾರಾಕ ನಿಂತಾಗ ಒಂದ್ ತಟಗ ದೊಡ್ಡದ ಮಾಡೇ ಹೇಳಬೇಕಾಗತೈತ್ರಿ."

ಅವರಿಗೆ ಕಂಡಿತು, ಕೆಲಸ ಮುಗಿಯಿತು. ದುರ್ಬೀನು ಇನ್ನು ಸುಮ್ಮನೆ ಮೂಲೆ ಹಿಡಿಯುತ್ತದೆ ಅಂತ ನಾನು ಗಾಳ ಹಾಕಿದೆ. ಖರೆ ಹೇಳಬೇಕೆಂದರೆ, ಆ ಚುಕ್ಕಿಗಳ ಹುಚ್ಚು ನನಗೆ ಹಿಡಿದಿತ್ತು. ಸಂತೆಯಿಂದ ಮರಳುವಾಗ ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೈಸಿಕೊಳ್ಳುತ್ತಿದ್ದೆ. "ಮಾಸ್ತರ್ರ, ಅದನ್ನ ನನಗ ತಿರುಗಿ ಕೊಟ್ಟುಬಿಡ್ರಿ. ದರ ನೀವ ಹೇಳ್ರಿ," ಅಂದು ಟವೆಲ್ ಹಾಸಿದೆ.

ಅವರು ಕೈ ತೂರಿಸಿದರು. ಒಂದು ಬೆರಳೋ ಎರಡೋ ಅಂತ ನಾನು ಕಾದೆ. ಮಾರುವ ಮನಸ್ಸಿದ್ದರೆ ಬೆರಳು ಒತ್ತಬೇಕು, ಇಲ್ಲದಿದ್ದರೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಸಂತೆಯಲ್ಲಿ ಮೂರನೆಯ ದಾರಿ ಇಲ್ಲ. ಮಾಸ್ತರರು ಬೆರಳೂ ಒತ್ತಲಿಲ್ಲ, ಕೈಯೂ ಬಿಡಲಿಲ್ಲ. ಮೇಲೆ ನೋಡುತ್ತ ಹಾಗೆಯೇ ಕೂತರು.

ಕೆಳಗಿನಿಂದ ಅವ್ವಾರ ಕೂಗು ಬಂತು. "ವ್ಯಾಪಾರ ಮುಗಿದಿದ್ರ ಏಣಿ ಇಳಸ್ರಿ! ಅಟ್ಟದ ಮ್ಯಾಲಿಂದ ಉಪ್ಪಿನಕಾಯಿ ಭರಣಿ ತಗೀಬೇಕು."

"ಇನ್ನೂ ಮುಗಿದಿಲ್ಲ!" ಅಂತ ಇಬ್ಬರೂ ಒಂದೇ ಸಲ ಕೂಗಿದೆವು.